ಅತಿಥಿಗೆ ಅರಮನೆ, ಊರಿಗೇನು?

2012ರ ಸೆಪ್ಟೆಂಬರ್ 30, ಭಾನುವಾರ. ಹೈದರಾಬಾದಿನ ಹುಸೇನ್ ಸಾಗರದ ದಂಡೆಯ ನೆಕ್ಲೆಸ್ ರಸ್ತೆಯಲ್ಲಿ ಜನವೋ ಜನ. ಪ್ರತ್ಯೇಕ ತೆಲಂಗಾಣ ಬೇಕೆಂದು ಜಂಟಿ ಕ್ರಿಯಾ ಸಮಿತಿ ಕರೆ ಕೊಟ್ಟಿದ್ದ ‘ಸಾಗರ ಹಾರಂ’ ಅದು. ಅಂದಿನ ಆಂಧ್ರ ಪ್ರದೇಶ ಸರ್ಕಾರ ಮೊದಲು ಬೇಡ ಎಂದಿತು, ಆಮೇಲೆ ಮುಂದಕ್ಕೆ ಹಾಕಿ ಎಂದಿತು, ಕೊನೆಗೆ ಮಧ್ಯಾಹ್ನ 3ರಿಂದ ಸಂಜೆ 7ರವರೆಗೆ ಎಂದು ಗಡುವು ಹಾಕಿ ಅನುಮತಿ ಕೊಟ್ಟಿತು. ಅಷ್ಟೊಂದು ಹಿಂಜರಿಕೆಗೆ ಹೇಳಿದ ಕಾರಣಗಳಲ್ಲೊಂದು, ಮರುದಿನದಿಂದ ಊರಿಗೆ ವಿದೇಶಿ ಅತಿಥಿಗಳು ಬರುತ್ತಾರೆ ಎನ್ನುವುದು. ಬಸ್ಸುಗಳು ನಿಂತವು, ಬ್ಯಾರಿಕೇಡುಗಳು ಎದ್ದವು, ಅಶ್ರುವಾಯು ಸಿಡಿಯಿತು. ಏಳು ಗಂಟೆ ಕಳೆದರೂ ಜನ ಕದಲಲಿಲ್ಲ.

ಮರುದಿನ ಬೆಳಿಗ್ಗೆ, ಊರಿನ ಇನ್ನೊಂದು ತುದಿಯ ಮಾದಾಪುರದಲ್ಲಿ, ಹವಾನಿಯಂತ್ರಿತ ಸಭಾಂಗಣದೊಳಗೆ ವಿಶ್ವಸಂಸ್ಥೆಯ ಜೀವವೈವಿಧ್ಯ ಒಪ್ಪಂದದ ಸಭೆಗಳು ಶುರುವಾದವು. ಅಕ್ಟೋಬರ್ 1ರಿಂದ 19ರವರೆಗೆ, ಎರಡು ಹಂತಗಳಲ್ಲಿ. ಪ್ರಧಾನಿ ಮನಮೋಹನ ಸಿಂಗ್ ಬಂದು 5 ಕೋಟಿ ಡಾಲರಿನ ‘ಹೈದರಾಬಾದ್ ಪ್ರತಿಜ್ಞೆ’ ಘೋಷಿಸಿದರು. ಗಚ್ಚಿಬೌಲಿಯ ಹತ್ತಿರ ಜೀವವೈವಿಧ್ಯ ಉದ್ಯಾನವೊಂದು ತಲೆಯೆತ್ತಿತು. ಅತಿಥಿಗಳು ಹೋದರು.

ಇವತ್ತು ಹೈದರಾಬಾದಿನ ಆಟೊ ಚಾಲಕನಿಗೆ ‘ಬಯೋಡೈವರ್ಸಿಟಿ’ ಎಂದರೆ ನೆನಪಾಗುವುದು ಸಂಚಾರ ದಟ್ಟಣೆಯ ಒಂದು ಸರ್ಕಲ್. ಅಲ್ಲಿ ಕಟ್ಟಿದ ಬಯೋಡೈವರ್ಸಿಟಿ ಮೇಲ್ಸೇತುವೆ 2019ರ ನವೆಂಬರಿನಲ್ಲಿ ತೆರೆದ ಮೂರೇ ವಾರದಲ್ಲಿ, ಅದರ ಮೇಲಿಂದ ಕಾರೊಂದು ಕೆಳಗುರುಳಿ ದಾರಿಬದಿಯ ಮಹಿಳೆಯೊಬ್ಬರು ಸತ್ತರು. ಕೆಲವೇ ಕಿಲೋಮೀಟರ್ ಆಚೆ, ಹೈದರಾಬಾದ್ ವಿಶ್ವವಿದ್ಯಾಲಯದ ಮಗ್ಗುಲಿನ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಬುಲ್ಡೋಜರುಗಳು ಮರ ಉರುಳಿಸತೊಡಗಿದಾಗ, 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಮಧ್ಯೆ ಬಂದು ನಿಲ್ಲಿಸಬೇಕಾಯಿತು. ಜಗತ್ತಿನ ಜೀವಸಂಕುಲ ಉಳಿಸುವ ಬಗ್ಗೆ ವಾರಗಟ್ಟಲೆ ಮಾತಾಡಿದ ಊರು ಇದೇ.

ಹಾಗೆಂದು ಸಮ್ಮೇಳನಗಳೇ ಬೇಡ ಎನ್ನುವುದು ಮೂರ್ಖತನ. ಆದರೆ ಸಮ್ಮೇಳನ, ಶೃಂಗಸಭೆ, ಉತ್ಸವಗಳ ಆತಿಥ್ಯ ವಹಿಸಲು ಕರ್ನಾಟಕದ ಊರುಗಳೂ ತುದಿಗಾಲಲ್ಲಿ ನಿಂತಿವೆ. ಬೆಂಗಳೂರಿಗೆ ಇನ್ನಷ್ಟು ದೊಡ್ಡ ಸಭಾಂಗಣ ಬೇಕು, ಮಂಗಳೂರಿಗೆ ಕಡಲ ಸೊಬಗನ್ನು ಮಾರಬೇಕು, ಕಲಬುರಗಿಗೆ ವಿಮಾನ ನಿಲ್ದಾಣ ಬಂದ ಮೇಲೆ ಹೊಸ ಹುರುಪು. ಇವೆಲ್ಲಕ್ಕೂ ಪಾಠ ಕಲಿಯಲು ಹೈದರಾಬಾದಿಗಿಂತ ಒಳ್ಳೆಯ ಊರಿಲ್ಲ. ಕಾರಣ, ಆತಿಥ್ಯದ ಎರಡು ದಾರಿಗಳನ್ನೂ ಅದು ಒಂದೇ ಊರೊಳಗೆ ನಡೆದು ತೋರಿಸಿದೆ. ಒಂದು ದಾರಿ ಪ್ರಸಿದ್ಧ. ಎಲ್ಲರೂ ನಕಲು ಮಾಡಲು ನೋಡುವುದು ಅದನ್ನೇ. ಇನ್ನೊಂದು ಹಳೆಯದು, ದೂಳಿನದ್ದು, ಜಿಲೇಬಿ ವಾಸನೆಯದ್ದು. ನಕಲು ಮಾಡಬೇಕಾದದ್ದು ಅದು.

ಪ್ರಸಿದ್ಧ ದಾರಿಗೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಬೇಕು. ಹೈದರಾಬಾದಿಗೆ ಕಡಲಿಲ್ಲ. ಗೋವೆ, ಮುಂಬೈ, ವಿಶಾಖಪಟ್ಟಣಗಳಂತೆ ಕಿಟಕಿ ತೆರೆದು ಅಲೆ ತೋರಿಸುವ ಭಾಗ್ಯ ಅದಕ್ಕಿಲ್ಲ. ಇರುವುದು 1560ರ ದಶಕದಲ್ಲಿ ಇಬ್ರಾಹಿಂ ಕುತುಬ್ ಷಾನ ಕಾಲದಲ್ಲಿ ಕಟ್ಟಿಸಿದ ಕೆರೆ, 1591ರ ಚಾರ್‌ಮಿನಾರ್, ನಿಜಾಮರ ಅರಮನೆಗಳು, ಬಿರಿಯಾನಿ. ಇಷ್ಟನ್ನು ಇಟ್ಟುಕೊಂಡು ಅದು 2000ದ ದಶಕದಲ್ಲಿ ಲೆಕ್ಕಾಚಾರದ ಹೆಜ್ಜೆ ಇಟ್ಟಿತು. 2003ರಲ್ಲಿ ಹೈಟೆಕ್ಸ್ ವಸ್ತುಪ್ರದರ್ಶನ ಕೇಂದ್ರ ಬಂತು. 2006ರಲ್ಲಿ ಹೈದರಾಬಾದ್ ಅಂತರರಾಷ್ಟ್ರೀಯ ಸಮಾವೇಶ ಕೇಂದ್ರ, ಅಂದರೆ ಎಲ್ಲರ ಬಾಯಲ್ಲಿ ಎಚ್‌ಐಸಿಸಿ, ತೆರೆಯಿತು. ನಡುವೆ ಒಂದು ಕಂಬವೂ ಇಲ್ಲದ 6,480 ಚದರ ಮೀಟರ್ ಸಭಾಂಗಣ, ಅಂಟಿಕೊಂಡೇ ಹೋಟೆಲು. ಆ ವರ್ಷ ಜನವರಿಯಲ್ಲಿ ಪ್ರವಾಸಿ ಭಾರತೀಯ ದಿವಸ, ಮೇ ತಿಂಗಳಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ವಾರ್ಷಿಕ ಸಭೆ. 2008ರಲ್ಲಿ ಶಂಷಾಬಾದ್ ವಿಮಾನ ನಿಲ್ದಾಣ, ಮರುವರ್ಷ ಅಲ್ಲಿಗೆ ಹನ್ನೊಂದೂವರೆ ಕಿಲೋಮೀಟರಿನ ಎತ್ತರಿಸಿದ ರಸ್ತೆ. ಹಾಲ್ ಕಟ್ಟಿ ದಾರಿ ಮರೆಯುವುದು ನಮ್ಮಲ್ಲಿ ರೂಢಿ, ಅವರು ಮರೆಯಲಿಲ್ಲ.

ಫಲ ಸಿಕ್ಕಿತು. ಜಾಗತಿಕ ಗಗನಯಾನ ಸಮ್ಮೇಳನ 1988ರಲ್ಲಿ ಬೆಂಗಳೂರಿನಲ್ಲಿ ನಡೆದಿತ್ತು. ಇಸ್ರೋದ ಕೇಂದ್ರ ಕಚೇರಿ ಇರುವ ಊರು, ಸಹಜವೇ. 2007ರಲ್ಲಿ ಅದೇ ಸಮ್ಮೇಳನ ಮತ್ತೆ ಭಾರತಕ್ಕೆ ಬಂದಾಗ ಹೋದದ್ದು ಹೈದರಾಬಾದಿಗೆ. ತುಮಕೂರು ರಸ್ತೆಯ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಆಗಿನ್ನೂ ಕಣ್ಣು ಬಿಡುತ್ತಿತ್ತು. 2008ರ ಡಿಸೆಂಬರ್ 3ರಿಂದ ವಿಶ್ವಸಂಸ್ಥೆಯ ಇಂಟರ್ನೆಟ್ ಆಡಳಿತ ವೇದಿಕೆಯ ಸಭೆ. ಮುಂಬೈ ದಾಳಿ ಮುಗಿದು ವಾರವೂ ಆಗಿರಲಿಲ್ಲ. ಕೆಲವರು ಪ್ರಯಾಣ ರದ್ದು ಮಾಡಿದರು, ಸಭೆ ಮಾತ್ರ ನಡೆಯಿತು. ಇಂಟರ್ನೆಟ್ ಹೆಸರುಗಳನ್ನು ನಿರ್ವಹಿಸುವ ಐಕಾನ್ ಸಂಸ್ಥೆಯ 2016ರ ಸಭೆಯ ಕಥೆ ಇನ್ನೂ ಸ್ವಾರಸ್ಯದ್ದು. ನವೆಂಬರ್ 3ರಿಂದ 9ರವರೆಗೆ ಇತ್ತದು. 8ರ ರಾತ್ರಿ ಎಂಟು ಗಂಟೆಗೆ ನೋಟು ರದ್ದತಿ! ದೂರದೇಶದಿಂದ ಬಂದು ಜೇಬಿನಲ್ಲಿ ಐನೂರರ ನೋಟು ಇಟ್ಟುಕೊಂಡವರ ಪಾಡನ್ನು ಊಹಿಸಿಕೊಳ್ಳಬಹುದು. ಯಾವ ಆತಿಥ್ಯ ಸಮಿತಿಯ ಪಟ್ಟಿಯಲ್ಲೂ ಇಲ್ಲದ ವಿಘ್ನ.

ಇವೆಲ್ಲದರಲ್ಲಿ ಊರಿಗೆ ಶೋಭೆ ತಂದದ್ದು 2010ರ ಆಗಸ್ಟಿನ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಕೂಟ ಅಲ್ಲಿಯವರೆಗೆ ಏಷ್ಯಾದಲ್ಲಿ ಕ್ಯೋಟೊ, ಬೀಜಿಂಗ್ ಬಿಟ್ಟರೆ ಬೇರೆಲ್ಲೂ ಆಗಿರಲಿಲ್ಲ. ಮೂರು ಸಾವಿರದಷ್ಟು ಗಣಿತಜ್ಞರು ಸೇರಿದ್ದರು. ರಾಷ್ಟ್ರಪತಿ ಪ್ರತಿಭಾ ಪಾಟೀಲ್ ನಾಲ್ವರಿಗೆ ಫೀಲ್ಡ್ಸ್ ಪದಕ ಕೊಟ್ಟರು. ಸಮ್ಮೇಳನದ ಅಂಗವಾಗಿ ವಿಶ್ವನಾಥನ್ ಆನಂದ್ ಏಕಕಾಲಕ್ಕೆ 40 ಜನರೊಂದಿಗೆ ಚದುರಂಗ ಆಡಿದರು. ಡ್ರಾ ಮಾಡಿಕೊಂಡವನು ಹದಿನಾಲ್ಕರ ಹುಡುಗನೊಬ್ಬ ಮಾತ್ರ. ಅದೇ ಹೊತ್ತಿಗೆ ಆನಂದ್‌ಗೆ ಹೈದರಾಬಾದ್ ವಿಶ್ವವಿದ್ಯಾಲಯ ಕೊಡಬೇಕಿದ್ದ ಗೌರವ ಡಾಕ್ಟರೇಟ್, ಅವರು ಭಾರತದ ಪ್ರಜೆಯೇ ಹೌದೋ ಅಲ್ಲವೋ ಎಂದು ದೆಹಲಿಯ ಸಚಿವಾಲಯದಲ್ಲಿ ಕಡತ ಸಿಕ್ಕಿಹಾಕಿಕೊಂಡು ತಪ್ಪಿಹೋಯಿತು. ವಿಶ್ವ ಚಾಂಪಿಯನ್ನನಿಗೇ ಗುರುತಿನ ದಾಖಲೆ! ಕಂಬವಿಲ್ಲದ ಸಭಾಂಗಣ ಕಟ್ಟುವುದು ಸುಲಭ, ಕಡತವಿಲ್ಲದ ಆಡಳಿತ ಕಷ್ಟ. ಆದರೂ ಈ ಸಮ್ಮೇಳನದ ಬೆನ್ನಿಗೆ ಒಂದು ವಿಶ್ವವಿದ್ಯಾಲಯ ಇತ್ತು, ಅದರ ಅಧ್ಯಾಪಕರು ದುಡಿದಿದ್ದರು, ಮಹಿಳಾ ಗಣಿತಜ್ಞರ ಸಮ್ಮೇಳನವೊಂದು ಎರಡು ದಿನ ಮುಂಚೆ ಅದರ ಆವರಣದಲ್ಲೇ ನಡೆದಿತ್ತು. ಊರಿನ ಒಂದು ಬೇರು ಅಲ್ಲಿತ್ತು.

ಹೈದರಾಬಾದಿಗೆ ಸಭೆ ಸೇರುವುದು ಹೊಸತಲ್ಲ. ಸಭೆಗೆ ಅನುಮತಿ ಸಿಗದಿರುವುದೂ ಹೊಸತಲ್ಲ. ನಿಜಾಮರ ಕಾಲದಲ್ಲಿ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಇತ್ತು. ಸರ್ಕಾರದ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸಭೆ ನಡೆಸುವಂತಿರಲಿಲ್ಲ. ಹೈದರಾಬಾದ್ ಸಂಸ್ಥಾನದ ರಾಜಕೀಯ ಪರಿಷತ್ತು ಕಾಕಿನಾಡ, ಮುಂಬೈ, ಪುಣೆ, ಅಕೋಲಾಗಳಲ್ಲಿ ಸೇರಬೇಕಾಯಿತು. ತಮ್ಮ ಊರಿನ ಕಷ್ಟ ಮಾತಾಡಲು ಪರವೂರಿನ ಚಪ್ಪರ.

ಸಮಾಜ ಸುಧಾರಣೆಯ ಸಭೆಗೆ ಅಷ್ಟು ಅಡ್ಡಿಯಿರಲಿಲ್ಲ. 1921ರ ನವೆಂಬರಿನಲ್ಲಿ ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಅಧ್ಯಕ್ಷತೆಯಲ್ಲಿ ಇಲ್ಲಿನ ವಿವೇಕವರ್ಧಿನಿಯಲ್ಲಿ ಅಂಥದ್ದೊಂದು ಸಮ್ಮೇಳನ ಸೇರಿತು. ಉರ್ದು, ಮರಾಠಿ, ಇಂಗ್ಲಿಷ್ ಭಾಷಣಗಳನ್ನು ಕೇಳಿಸಿಕೊಂಡ ಸಭೆ, ಆಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ತೆಲುಗಿನಲ್ಲಿ ಬಾಯಿ ತೆರೆದ ಕೂಡಲೇ ಗೇಲಿ ಮಾಡಿ ಕೂರಿಸಿತು. ತೆಲುಗರೇ ಹೆಚ್ಚಿದ್ದ ಸೀಮೆಯ ರಾಜಧಾನಿಯಲ್ಲಿ! ನೊಂದ ಬೆರಳೆಣಿಕೆಯ ಜನ ಅಂದು ರಾತ್ರಿಯೇ ಕೂತು ಆಂಧ್ರ ಜನಸಂಘ ಕಟ್ಟಿದರು. ಮಾಡಪಾಟಿ ಹನುಮಂತರಾವ್, ಬೂರ್ಗುಲ ರಾಮಕೃಷ್ಣರಾವ್ ಅವರಂಥವರು ಅದರಲ್ಲಿದ್ದರು. ಒಂಬತ್ತು ವರ್ಷದಲ್ಲಿ ಅದು ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆಯಾಗಿ ಸೇರಿತು. ತೆಲಂಗಾಣದ ಮುಂದಿನ ರಾಜಕೀಯಕ್ಕೆಲ್ಲ ಅದೇ ಬುಡ. ಸಮ್ಮೇಳನವೊಂದು ಊರಿನವರನ್ನು ಹೊರಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಸಿಗುವುದು ಕಷ್ಟ.

ಕನ್ನಡದ ನಂಟೂ ಉಂಟು. ಬೀದರ, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದ ದಿನಗಳಲ್ಲಿ, 1941ರಲ್ಲಿ, 26ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಹೈದರಾಬಾದಿನಲ್ಲೇ ನಡೆಯಿತು. ಅಧ್ಯಕ್ಷರು ‘ವಚನ ಭಾರತ’ದ ಎ.ಆರ್. ಕೃಷ್ಣಶಾಸ್ತ್ರಿಗಳು. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಇದ್ದ ಊರಿನಲ್ಲಿ, ರಾಜಭಾಷೆಯಲ್ಲದ ಒಂದು ಭಾಷೆಯ ಹಬ್ಬ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರಿನ ಶಾಲೆ ಕನ್ನಡಿಗರ ಗುರುತಾಗಿ ಉಳಿದುಕೊಂಡವು. 1953ರ ಜನವರಿಯಲ್ಲಿ ನೆಹರೂ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕಾಗಿ ಎದ್ದ ನಾನಲ್ ನಗರ ಇವತ್ತಿಗೂ ಮೆಹದಿಪಟ್ಟಣದ ಬಳಿ ಬಡಾವಣೆಯ ಹೆಸರು. ಆಂಧ್ರ ಮೊದಲು, ಉಳಿದ ಭಾಷಾ ಪ್ರಾಂತಗಳು ಆಮೇಲೆ ಎಂಬ ಅಲ್ಲಿನ ಧೋರಣೆಗೆ ಕನ್ನಡ ನಾಡು ಕೆರಳಿತು. ಅದರಗುಂಚಿ ಶಂಕರಗೌಡರ ಉಪವಾಸ, ಹುಬ್ಬಳ್ಳಿಯ ಗಲಭೆ ಅದೇ ವರ್ಷದ್ದು. 1968ರಲ್ಲಿ ಕಾಂಗ್ರೆಸ್ ಮತ್ತೆ ಇಲ್ಲಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ನಿಜಲಿಂಗಪ್ಪ. 2023ರ ಸೆಪ್ಟೆಂಬರಿನಲ್ಲಿ ಅದರ ಕಾರ್ಯಕಾರಿ ಸಮಿತಿ ಸೇರಿದಾಗ, ಹಳೆಯ ಹೈದರಾಬಾದ್ ಸಂಸ್ಥಾನದ ಭಾಲ್ಕಿ ಸೀಮೆಯಲ್ಲೇ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ.

1975ರ ಏಪ್ರಿಲಿನ ಮೊದಲ ವಿಶ್ವ ತೆಲುಗು ಸಮ್ಮೇಳನವನ್ನೂ ಇದೇ ಸಾಲಿಗೆ ಸೇರಿಸಬೇಕು. ವಾರದ ಜಾತ್ರೆ ಮುಗಿದ ಮೇಲೆ ಅಂತರರಾಷ್ಟ್ರೀಯ ತೆಲುಗು ಸಂಸ್ಥೆ ಉಳಿಯಿತು, ಮುಂದೆ ಅದು ತೆಲುಗು ವಿಶ್ವವಿದ್ಯಾಲಯದೊಳಗೆ ಸೇರಿತು. ಚಪ್ಪರ ಬಿಚ್ಚಿದ ಮೇಲೂ ಏನೋ ನಿಂತಿತು.

ಈಗ 2017ಕ್ಕೆ ಬರಬಹುದು. ನವೆಂಬರ್ 28ರಿಂದ 30ರವರೆಗೆ ಭಾರತ ಮತ್ತು ಅಮೆರಿಕ ಸೇರಿ ನಡೆಸಿದ ಜಾಗತಿಕ ಉದ್ಯಮಶೀಲತಾ ಶೃಂಗಸಭೆ. ಇವಾಂಕಾ ಟ್ರಂಪ್ ಬರುವ ಸುದ್ದಿಗೆ ರಸ್ತೆಗಳು ಡಾಂಬರು ಕಂಡವು, ಗೋಡೆಗಳು ಬಣ್ಣ ಕಂಡವು. ಅದೇ ದಿನ ಪ್ರಧಾನಿ ಮೋದಿ ಹೈದರಾಬಾದ್ ಮೆಟ್ರೊ ಉದ್ಘಾಟಿಸಿದರು. ಅದು ಊರಿಗೆ ನಿಜವಾದ ಲಾಭ. ರಾತ್ರಿ ಫಲಕ್‌ನುಮಾ ಅರಮನೆಯಲ್ಲಿ, 101 ಜನ ಒಟ್ಟಿಗೆ ಕೂರಬಹುದಾದ ಊಟದ ಮೇಜಿನ ಮುಂದೆ ಔತಣ. ಪೈಗಾ ವಂಶದ ವಿಕಾರ್ ಉಲ್ ಉಮ್ರಾ ಹತ್ತು ವರ್ಷ ಕಟ್ಟಿಸಿ, ಕೊನೆಗೆ ನಿಜಾಮರ ಪಾಲು ಮಾಡಿದ ಅರಮನೆ ಅದು.

ಆ ಔತಣಕ್ಕೆ ಮೂರು ವಾರ ಮುಂಚೆ ನಗರ ಪೊಲೀಸ್ ಆಯುಕ್ತರು ಒಂದು ಆದೇಶ ಹೊರಡಿಸಿದ್ದರು: ನವೆಂಬರ್ 8ರಿಂದ ಜನವರಿ 7ರವರೆಗೆ ಹೈದರಾಬಾದಿನ ರಸ್ತೆಗಳಲ್ಲಿ ಭಿಕ್ಷೆ ಬೇಡುವಂತಿಲ್ಲ. ಭಿಕ್ಷುಕರನ್ನು ಹಿಡಿದು ಚಂಚಲಗುಡ, ಚರ್ಲಪಲ್ಲಿ ಜೈಲುಗಳ ಆವರಣದ ಆಶ್ರಯಗಳಿಗೆ ಸಾಗಿಸಲಾಯಿತು. ಭಿಕ್ಷುಕರ ಸುಳಿವು ಕೊಟ್ಟವರಿಗೆ ಕಾರಾಗೃಹ ಇಲಾಖೆ 500 ರೂಪಾಯಿ ಬಹುಮಾನವನ್ನೂ ಸಾರಿತು. 2000ದ ಮಾರ್ಚಿನಲ್ಲಿ ಬಿಲ್ ಕ್ಲಿಂಟನ್ ಬಂದಾಗಲೂ ಹೀಗೇ ರಸ್ತೆ ‘ಸ್ವಚ್ಛ’ವಾಗಿತ್ತು. ಆಶ್ರಯ ಕೊಡುವುದು ತಪ್ಪಲ್ಲ. ಆದರೆ ಆಶ್ರಯದ ನೆನಪು ಅತಿಥಿಯ ವಿಮಾನದ ವೇಳಾಪಟ್ಟಿ ನೋಡಿಕೊಂಡು ಬರುವುದಾದರೆ, ಅದು ಆಶ್ರಯವಲ್ಲ, ಪರದೆ. ಮಹಿಳೆಯರಿಗೇ ಮೊದಲ ಆದ್ಯತೆ ಎಂಬುದು ಆ ಶೃಂಗಸಭೆಯ ಘೋಷಣೆಯಾಗಿತ್ತು. ಬೀದಿಯಿಂದ ಎತ್ತಿದವರಲ್ಲಿ ಹೆಂಗಸರೂ ಇದ್ದರು.

2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ಸುತ್ತ ಇನ್ನೊಂದು ಸಂಭ್ರಮ: ವಿದ್ಯುತ್ ಕಾರುಗಳ ಫಾರ್ಮುಲಾ ಇ ಓಟ. ಸಚಿವಾಲಯ, ಎನ್‌ಟಿಆರ್ ಉದ್ಯಾನ, ನೆಕ್ಲೆಸ್ ರಸ್ತೆ ಬಳಸಿ 2.83 ಕಿಲೋಮೀಟರಿನ ಪಥ. ಜೀನ್ ಎರಿಕ್ ವರ್ನ್ ಗೆದ್ದರು. ಟಿವಿಯಲ್ಲಿ ಊರು ಮಿಂಚಿತು; ಟ್ರ್ಯಾಕ್ ಹಾಕಲು ರಸ್ತೆ ಮುಚ್ಚಿದ್ದಕ್ಕೆ ಊರಿನವರು ಶಪಿಸಿದರು. ಡಿಸೆಂಬರಿನಲ್ಲಿ ಸರ್ಕಾರ ಬದಲಾಯಿತು, 2024ರ ಓಟ ರದ್ದಾಯಿತು, ರಾಜ್ಯದ ಪೌರಾಡಳಿತ ಇಲಾಖೆ ಕರಾರು ಮುರಿಯಿತು ಎಂದು ಸಂಘಟಕರು ದೂರಿದರು. 2024ರ ಡಿಸೆಂಬರಿನಲ್ಲಿ, ಸುಮಾರು 55 ಕೋಟಿ ರೂಪಾಯಿ ಪಾವತಿಯ ಬಗ್ಗೆ ಭ್ರಷ್ಟಾಚಾರ ನಿಗ್ರಹ ದಳ ಮಾಜಿ ಸಚಿವ ಕೆ.ಟಿ. ರಾಮರಾವ್ ಮೇಲೆ ಪ್ರಕರಣ ದಾಖಲಿಸಿತು. ಆರೋಪವನ್ನು ಅವರು ಅಲ್ಲಗಳೆದಿದ್ದಾರೆ, ತೀರ್ಮಾನ ನ್ಯಾಯಾಲಯದ್ದು. ಇಲ್ಲಿ ಹೇಳಬೇಕಾದ ಮಾತು ಬೇರೆ. ಓಟ ನಡೆಯುವ ಮೊದಲು ಆ ಕರಾರನ್ನು ಊರಿನವರ ಮುಂದೆ ಬಿಚ್ಚಿಟ್ಟು ಚರ್ಚಿಸಿದ್ದರೆ ಈ ಹಗರಣಕ್ಕೆ ಜಾಗವೇ ಇರುತ್ತಿರಲಿಲ್ಲ. ಊರಿನ ರಸ್ತೆ, ಊರಿನ ಕೆರೆ, ಊರಿನ ದುಡ್ಡು. ಕಾಗದ ಮಾತ್ರ ಕಪಾಟಿನೊಳಗೆ.

ಕಾರ್ಯಕ್ರಮಗಳ ಚಾಳಿ ಸರ್ಕಾರ ಬದಲಾದರೂ ಬದಲಾಗಲಿಲ್ಲ. 2025ರ ಮೇ ತಿಂಗಳಿಡೀ ವಿಶ್ವಸುಂದರಿ ಸ್ಪರ್ಧೆ. 13ರಂದು ಸ್ಪರ್ಧಿಗಳು ಚಾರ್‌ಮಿನಾರಿನ ಸುತ್ತ ನಡೆದು ಲಾಡ್ ಬಜಾರಿನಲ್ಲಿ ಬಳೆ ತೊಟ್ಟರು. ಮರುದಿನ ರಾಮಪ್ಪ ದೇಗುಲದಲ್ಲಿ ಅವರ ಕಾಲು ತೊಳೆಯಲು ಸ್ಥಳೀಯ ಹೆಣ್ಣುಮಕ್ಕಳನ್ನು ನಿಲ್ಲಿಸಿದ ಚಿತ್ರ ದೇಶವಿಡೀ ಟೀಕೆಗೆ ಗುರಿಯಾಯಿತು. 18ರ ಬೆಳಗಿನ ಹೊತ್ತು, ಅದೇ ಚಾರ್‌ಮಿನಾರಿನ ಹತ್ತಿರದ ಗುಲ್ಜಾರ್ ಹೌಜಿನಲ್ಲಿ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ 17 ಜನ ಸತ್ತರು. ಒಂದಕ್ಕೊಂದು ಕಾರಣವಲ್ಲ, ನಿಜ. ಆದರೆ ಐದು ದಿನ ಮುಂಚೆ ಆ ಬೀದಿಗೆ ದೀಪ, ಹೂವು, ಪೊಲೀಸು ಎಲ್ಲ ಬಂದಿದ್ದವು. ಇಕ್ಕಟ್ಟಿನ ಮನೆಗಳ ವಿದ್ಯುತ್ ತಂತಿಗಳನ್ನು ನೋಡುವ ಕಣ್ಣು ಆ ದಂಡಿನಲ್ಲಿ ಇರಲಿಲ್ಲ.

ಇನ್ನು ಆ ಜಿಲೇಬಿ ವಾಸನೆಯ ದಾರಿ.

1938ರಲ್ಲಿ ಉಸ್ಮಾನಿಯಾ ಪದವೀಧರರ ಸಂಘದ ಆರ್ಥಿಕ ಸಮಿತಿಗೆ ಸಂಸ್ಥಾನದ ಆರ್ಥಿಕ ಸಮೀಕ್ಷೆ ಮಾಡಿಸುವ ಆಸೆ. ಕೈಯಲ್ಲಿ ಕಾಸಿಲ್ಲ. ನಾಡಿನ ತಯಾರಿಕೆಗಳ ಪ್ರದರ್ಶನ ಇಟ್ಟರೆ ಹಣ ಹುಟ್ಟೀತು ಎಂದು ಪಬ್ಲಿಕ್ ಗಾರ್ಡನ್ಸಿನಲ್ಲಿ ಐವತ್ತರಷ್ಟು ಮಳಿಗೆಗಳನ್ನು ಹಾಕಿದರು. ಎರಡೂವರೆ ರೂಪಾಯಿ ಬಂಡವಾಳದಲ್ಲಿ ಶುರುವಾಯಿತು ಎಂದು ಹೈದರಾಬಾದಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಹೆಸರು ನುಮಾಯಿಷ್. 1946ರಲ್ಲಿ ನಾಂಪಲ್ಲಿಯ ಮೈದಾನಕ್ಕೆ ಬಂತು. ಸಂಸ್ಥಾನ ಹೊತ್ತಿ ಉರಿದ ಮುಂದಿನ ಎರಡು ವರ್ಷ ನಿಂತು, 1949ರಲ್ಲಿ ರಾಜಾಜಿಯವರ ಕೈಯಲ್ಲಿ ಮತ್ತೆ ತೆರೆಯಿತು. ನಿಜಾಮ ಹೋದ, ಸಂಸ್ಥಾನ ಹರಿದು ಮೂರು ರಾಜ್ಯಗಳ ಪಾಲಾಯಿತು, ಆಂಧ್ರ ಒಡೆಯಿತು. ನುಮಾಯಿಷ್ ಮಾತ್ರ ಜನವರಿ 1ಕ್ಕೆ ಬಾಗಿಲು ತೆರೆದು ಫೆಬ್ರುವರಿ 15ರವರೆಗೆ ನಡೆಯುವುದನ್ನು ಬಿಡಲಿಲ್ಲ. ಕೋವಿಡ್ ಕಾಲದಲ್ಲಿ ತಪ್ಪಿದ್ದುಂಟು. 2019ರ ಜನವರಿ 30ರ ರಾತ್ರಿ ಬೆಂಕಿಗೆ ಸಾಲು ಮಳಿಗೆಗಳು ಬೂದಿಯಾದದ್ದೂ ಉಂಟು. ಸುರಕ್ಷತೆಯ ಲೋಪಕ್ಕೆ ಹಳಮೆ ನೆಪವಾಗದು.

ಅಲ್ಲಿಗೆ ಹೋಗಲು ಕೊರಳಿಗೆ ಗುರುತಿನ ಚೀಟಿ ಬೇಕಿಲ್ಲ. ಟಿಕೆಟ್ ಕೊಂಡರೆ ಸಾಕು. ಕಾಶ್ಮೀರದ ಶಾಲಿನವರು, ಲಖನೌದ ಚಿಕನ್ ಕಸೂತಿಯವರು, ಉಪ್ಪಿನಕಾಯಿ, ಪಿಂಗಾಣಿ, ಮಕ್ಕಳ ರೈಲು, ಜಾಯಿಂಟ್ ವ್ಹೀಲ್. ಹಳೆ ನಗರದ ಬುರ್ಖಾದ ಅಜ್ಜಿ, ಕುಕಟಪಲ್ಲಿಯ ಸಾಫ್ಟ್‌ವೇರ್ ಹುಡುಗ, ಜಹೀರಾಬಾದಿನಿಂದ ಬಸ್ ಹತ್ತಿ ಬಂದ ಕನ್ನಡ ಸಂಸಾರ, ಎಲ್ಲರೂ ಒಂದೇ ದೂಳು ಕುಡಿಯುತ್ತಾರೆ. ಮುಖ್ಯ ಸಂಗತಿ ಲೆಕ್ಕದ ಪುಸ್ತಕದಲ್ಲಿದೆ. ನುಮಾಯಿಷ್ ನಡೆಸುವ ಎಕ್ಸಿಬಿಷನ್ ಸೊಸೈಟಿ ಬಂದ ವರಮಾನವನ್ನು ವಿದ್ಯಾಸಂಸ್ಥೆಗಳಿಗೆ ಹಾಕುತ್ತ ಬಂದಿದೆ. ಮೈದಾನದ ಪಕ್ಕದಲ್ಲೇ ಇರುವ ಕಮಲಾ ನೆಹರು ಮಹಿಳಾ ಪಾಲಿಟೆಕ್ನಿಕ್, ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ ಅದರ ಆಸರೆಯವು. ಬಳೆ ಕೊಂಡ ದುಡ್ಡಿನಲ್ಲಿ ಹುಡುಗಿಯರ ಕಾಲೇಜು ನಡೆದಿದೆ. ಯಾವ ಶೃಂಗಸಭೆ ಈ ಮಾತು ಹೇಳೀತು?

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಗಣಿತಜ್ಞರ ಸಮ್ಮೇಳನವನ್ನು ಜಾಯಿಂಟ್ ವ್ಹೀಲಿನ ಪಕ್ಕ ನಡೆಸಲಾದೀತೆ? ಆಗದು. ವಿದೇಶಿ ಗಣ್ಯರಿಗೆ ಭದ್ರತೆ ಬೇಕು, ವಿದ್ವಾಂಸರಿಗೆ ಮೌನ ಬೇಕು, ಔಷಧ ಕಂಪನಿಗಳಿಗೆ ಬಾಗಿಲು ಮುಚ್ಚಿದ ಕೋಣೆ ಬೇಕು. ಎರಡು ದಶಕ ಮೀರಿ ನಡೆಯುತ್ತಿರುವ ಬಯೋಏಷ್ಯಾ ಸಮಾವೇಶ ಆ ಮುಚ್ಚಿದ ಕೋಣೆಗಳಿಂದಲೇ ಅಲ್ಲಿನ ಲಸಿಕೆ, ಔಷಧ ಉದ್ಯಮಕ್ಕೆ ನೆರವಾಗಿದೆ. ಸಭಾಂಗಣ ಬೇಡವೆನ್ನುವುದು ಇಲ್ಲಿನ ವಾದವಲ್ಲ. ಸಭಾಂಗಣ ಕಟ್ಟುವಾಗಲೇ ನುಮಾಯಿಷಿನ ಲೆಕ್ಕದ ಪುಸ್ತಕವನ್ನೂ ತೆರೆಯಬೇಕು ಎನ್ನುವುದು ವಾದ. ಊರಿನ ಹಣ ಎಷ್ಟು ಹೋಯಿತು, ಎಷ್ಟು ಬಂತು, ಬಂದದ್ದು ಯಾರ ಕೈ ಸೇರಿತು ಎಂಬುದು ಕಾರ್ಯಕ್ರಮ ಮುಗಿದ ಮೂರು ತಿಂಗಳಲ್ಲಿ ಪಾಲಿಕೆಯ ಸಭೆಯ ಮುಂದೆ ಬರಬೇಕು. ಕರಾರು ಸಹಿಯಾಗುವ ಮೊದಲೇ ಬಹಿರಂಗವಾಗಬೇಕು. ಅತಿಥಿ ಬರುತ್ತಾನೆಂದು ಊರಿನವರ ಮೆರವಣಿಗೆ, ವ್ಯಾಪಾರ, ಬೀದಿಬದಿಯ ಬದುಕು ನಿಲ್ಲುವುದಾದರೆ ಅದರ ನಷ್ಟವನ್ನೂ ವೆಚ್ಚದ ಪಟ್ಟಿಯಲ್ಲಿ ಬರೆಯಬೇಕು.

ಬೆಂಗಳೂರಿನ ಉದಾಹರಣೆ ಹತ್ತಿರದ್ದೇ ಇದೆ. 2025ರ ಏರೋ ಇಂಡಿಯಾಕ್ಕಾಗಿ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಮಾಂಸದಂಗಡಿ ತೆರೆಯಬಾರದು, ಹೋಟೆಲುಗಳಲ್ಲಿ ಮಾಂಸದಡುಗೆ ಮಾಡಬಾರದು ಎಂದು ಪಾಲಿಕೆ ಆಜ್ಞೆ ಮಾಡಿತು. ಕಾರಣ ನ್ಯಾಯವಾದದ್ದೇ: ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹದ್ದು ಬಡಿದರೆ ವಿಮಾನ ಬೀಳಬಹುದು. ಆದರೆ ಪ್ರದರ್ಶನ ನಡೆದದ್ದು ಐದು ದಿನ, ಕಸಾಯಿಯವನು ಕತ್ತಿ ಕೆಳಗಿಟ್ಟದ್ದು 26 ದಿನ. ಸಾವಿರಾರು ಕೋಟಿಯ ಒಪ್ಪಂದಗಳ ಸುದ್ದಿಯ ನಡುವೆ ಆ ಅಂಗಡಿಯವನ ತಿಂಗಳ ಬಾಡಿಗೆ ಯಾರು ಕಟ್ಟಿದರು ಎಂದು ಕೇಳಿದವರಿಲ್ಲ.

ಕನ್ನಡಿಗರಿಗೆ ಇನ್ನೊಂದು ಬಗೆಯ ಆತಿಥ್ಯವೂ ಗೊತ್ತು. ಸಾಹಿತ್ಯ ಸಮ್ಮೇಳನ ಬಂದರೆ ಮದುವೆ ಮನೆಯಂತೆ ಇಡೀ ಜಿಲ್ಲೆ ಓಡಾಡುತ್ತದೆ. ಕಲಬುರಗಿ, ಹಾವೇರಿ, ಮಂಡ್ಯ, ಎಲ್ಲೆಡೆಯೂ ಗೋಷ್ಠಿಗಿಂತ ಊಟದ ಸಾಲೇ ಉದ್ದ ಎಂದು ನಗುವವರಿದ್ದಾರೆ, ನಗಲಿ. 2024ರ ಡಿಸೆಂಬರಿನಲ್ಲಿ ಮಂಡ್ಯದವರು ನಮ್ಮೂರಿನ ಹಬ್ಬದಲ್ಲಿ ಬಾಡೂಟ ಏಕಿಲ್ಲ ಎಂದು ಪಟ್ಟು ಹಿಡಿದರು, ಮಾತು ಕೊನೆಗೆ ಮೊಟ್ಟೆಯವರೆಗೆ ಬಂತು. ಆ ಜಗಳವೇ ಒಳ್ಳೆಯ ಲಕ್ಷಣ. ಊಟದ ಪಟ್ಟಿಯ ಬಗ್ಗೆ ಜಗಳ ಆಡುವವನು ಆ ಹಬ್ಬ ತನ್ನದು ಎಂದುಕೊಂಡಿರುತ್ತಾನೆ. ಎಚ್‌ಐಸಿಸಿಯ ಊಟದ ಪಟ್ಟಿಯ ಬಗ್ಗೆ ಹೈದರಾಬಾದಿನಲ್ಲಿ ಯಾರೂ ಜಗಳ ಆಡಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನವೂ ಇದೇ ಜಾತಿಯದ್ದು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರಲ್ಲಿ ಹುಟ್ಟಿ, ವಯಸ್ಸಿನಲ್ಲಿ ನುಮಾಯಿಷಿಗೆ ಅಣ್ಣ. ಅದರ ವರಮಾನ ಯಾವ ಶಾಲೆಯನ್ನು ನಡೆಸುತ್ತಿದೆ ಎಂದು ಮೈಸೂರಿನವರು ಒಮ್ಮೆ ಕೇಳಿಕೊಳ್ಳಬಹುದು.

ಕಡಲ ದಂಡೆಯ ಮಂಗಳೂರಿಗೆ ಈ ಮಾತು ಹೆಚ್ಚು ಹೊಂದುತ್ತದೆ. ಹೈದರಾಬಾದಿಗಿಲ್ಲದ ಅಲೆ ಅದಕ್ಕಿದೆ, ಬಂದರಿನ ಚರಿತ್ರೆಯಿದೆ, ವಿಮಾನವಿದೆ, 1927ರಲ್ಲೇ ಸಾಹಿತ್ಯ ಸಮ್ಮೇಳನ ನಡೆಸಿದ ಅನುಭವವಿದೆ, ಪೈಗಳ ಹೆಸರಿನ ಸಮಾವೇಶ ಸಭಾಂಗಣವೂ ಇದೆ. ಇನ್ನೂ ದೊಡ್ಡದು ಬೇಕೆಂದು ನಾಳೆ ಯಾರಾದರೂ ನಕ್ಷೆ ಹಿಡಿದು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಸೀಟುಗಳ ಸಂಖ್ಯೆಯದ್ದಲ್ಲ, ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಗೆ ಯಾವ ಶೃಂಗಸಭೆಯೂ ಬರುವುದಿಲ್ಲ. ಅದೇ ಹೊತ್ತಿಗೆ, ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳ ಕಲಾವಿದರಿಗೆ ತಿರುಗಾಟ ಇರುವುದಿಲ್ಲ, ಆಟಕ್ಕೆ ಸೂರು ಹುಡುಕಬೇಕು. ಸರ್ಕಾರದ ಜಾಗದಲ್ಲಿ ಕಟ್ಟುವ ಹಾಲ್ ಆ ನಾಲ್ಕು ತಿಂಗಳು ಅವರಿಗೆ, ಊರಿನ ಶಾಲೆ ಕಾಲೇಜುಗಳಿಗೆ ಯಾವ ಬಾಡಿಗೆಗೆ ಸಿಗುತ್ತದೆ ಎಂಬುದು ಟೆಂಡರ್ ಕರೆಯುವ ಮೊದಲೇ ಕರಾರಿನಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರಬೇಕು. ಕಟ್ಟಿದ ಮೇಲೆ ಕೇಳಿದರೆ, ಮದುವೆ ಬುಕಿಂಗ್ ಆಗಿದೆ ಎಂಬ ಉತ್ತರ ಬರುತ್ತದೆ.